ಬಜೆಟ್ಟು ಅನ್ನೋ ಕೋಳಿ, ಆಕಳಿಸೋ ಲ್ಯಾಪ್‌ಟಾಪು

ಒಂದಾನೊಂದು ಊರಿನಲ್ಲಿ... ಒಂದೇ ಊರು ಕಣ್ರಪ್ಪ, ಇನ್ನೊಂದನ್ನ ಒಗೆದು ಒಣಗಾಕಿದ್ರು. ಆ ಊರಲ್ಲಿ ಮಾದ್ಲಿ ಅಂತ ಒಬ್ಬ ಹುಡುಗಿ. ಅವಳಿಗೆ ಎಂ.ಎ. ಸೀಟು ಸಿಕ್ತು. ಯಾವುದ್ರಲ್ಲಿ? ಆಕಳಿಕೆ ಶಾಸ್ತ್ರದಲ್ಲಿ. ನಗಬೇಡಿ. ಬೇರೆ ಕಾಲೇಜಲ್ಲಿ ಆಕಳಿಕೆ ಬಿಟ್ಟಿ ಬರುತ್ತೆ, ಇಲ್ಲಿ ಅದಕ್ಕೆ ಡಿಗ್ರಿ ಕೊಡ್ತಿದ್ರು, ಅಷ್ಟೇ.

ಕಾಲೇಜಿನೋರು ಹೇಳಿದ್ರು: "ನಾಳೆ ಲ್ಯಾಪ್‌ಟಾಪ್ ತಗೊಂಡು ಬಾ. ತರಲಿಲ್ಲ ಅಂದ್ರೆ ನಿನ್ನ ಸೀಟು ಹೋತಕ್ಕೆ." ಹೌದು, ವೇಟಿಂಗ್ ಲಿಸ್ಟಲ್ಲಿ ಮಾದ್ಲಿ ಹಿಂದೆ ಒಂದು ಹೋತ ಇತ್ತು. ಆಗಲೇ ಗಡ್ಡ ಬಾಚಿಕೊಂಡು ಗೇಟಲ್ಲಿ ನಿಂತಿತ್ತು.

ಮಾದ್ಲಿ ಅಜ್ಜಿ ಹತ್ರ ಓಡಿದಳು. ಅಜ್ಜಿ ಬುಟ್ಟಿ ಎತ್ತಿ ಒಂದು ಕೋಳಿ ಕೊಟ್ಟಳು.

"ತಗೋ. ಇದೇ ನಿನ್ನ ಬಜೆಟ್ಟು. ಒಂದು ಪುಕ್ಕನೂ ಮೇಲಾಗಬಾರ್ದು."

"ಅಯ್ಯೋ ಅಜ್ಜಿ, ಒಂದೇ ಕೋಳಿಗೆ ಯಾರು ಕೊಡ್ತಾರೆ?"

"ನನ್ನನ್ನ ಕೇಳಿ ಮಾತಾಡು," ಅಂತು ಕೋಳಿ. "ಬಜೆಟ್ಟು ನಾನು."

ಕೋಳೀನ ಕಂಕುಳಲ್ಲಿ ಇಟ್ಕೊಂಡು ಮಾದ್ಲಿ ಗುಡ್ಡಯ್ಯನ ಲ್ಯಾಪ್‌ಟಾಪ್ ಅಂಗಡಿಗೆ ಹೋದಳು. ಒಳಗೆ ಕಾಲಿಟ್ಟಿದ್ದೇ ತಡ, ಲ್ಯಾಪ್‌ಟಾಪುಗಳೆಲ್ಲಾ ಕೂಗಾಡೋಕೆ ಶುರು.

"ನನ್ನ ತಗೋ ತಾಯಿ! ಮೈಯೆಲ್ಲಾ ಬಣ್ಣದ ಲೈಟು. ಕಾದ್ರೆ ಮೇಲೆ ಹಪ್ಪಳ ಸುಡಬಹುದು!"

"ಎಷ್ಟಪ್ಪಾ?"

"ಮೂರು ಕೋಳಿ, ಒಂದು ನವಿಲು."

"ಕೊಕ್! ಮೀರ್ತು!" ಅಂತು ಕೋಳಿ.

"ನನ್ನ ತಗೋ! ಎಷ್ಟು ತೆಳ್ಳಗಿದೀನಿ ಅಂದ್ರೆ, ನಿನ್ನೆ ಗುಡ್ಡಯ್ಯ ನನ್ನ ದೋಸೆ ಅಂತ ಮಗುಚಿ ಹಾಕಿದ!"

"ಎಷ್ಟು?"

"ಎರಡು ಕೋಳಿ. ಚಟ್ನಿ ಬೇರೆ."

"ಕೊಕ್! ಮೀರ್ತು!"

ಮೂಲೇಲಿ ಒಂದು ದಪ್ಪ ಲ್ಯಾಪ್‌ಟಾಪು ಮಲಗಿತ್ತು. ಮಾದ್ಲಿ ಮೆಲ್ಲಗೆ ಮುಚ್ಚಳ ತೆಗೆದಳು. ಅದು "ಆ...ಆ...ಹಾ..." ಅಂತ ಆಕಳಿಸ್ತು. ಎಂಥ ಆಕಳಿಕೆ ಅಂತೀರಿ! ಮಾದ್ಲಿ ಕಣ್ಣಲ್ಲಿ ನೀರೇ ಬಂತು. ಖುಷಿಗೂ ಬಂತು, ಆಕಳಿಕೆಗೂ ಬಂತು.

"ಇದೇ ಬೇಕು ಗುಡ್ಡಯ್ಯಣ್ಣ! ಎಷ್ಟು?"

"ಒಂದೂವರೆ ಕೋಳಿ ಕಣಮ್ಮ."

ಅರ್ಧ ಕೋಳಿ ಅಂದಿದ್ದು ಕೇಳಿ ಬಜೆಟ್ಟಿಗೆ ತಲೆ ಸುತ್ತು ಬಂತು. ನೀರು ಚಿಮುಕಿಸಬೇಕಾಯ್ತು.

"ಅಣ್ಣಾ, ಒಂದು ಕೋಳಿಗೆ ಕೊಡೋ."

"ಆಗಲ್ಲ."

"ಹೋತಕ್ಕೆ ಸೀಟು ಹೋಗುತ್ತೆ ಕಣೋ!"

"ಹೋತಾನಾದ್ರೂ ಕರ್ಕೊಂಡು ಬಾ, ಅರ್ಧಕ್ಕೆ ಸರಿಹೋಗುತ್ತೆ."

ಮಾದ್ಲಿ ತಲೆ ಕೆರ್ಕೊಂಡಳು. ಆಗ ಹೊಳೀತು ನೋಡಿ: ಕೊಸರು! ಸೊಪ್ಪು ಕೊಂಡ್ರೆ ಮೇಲೆ ಒಂದೆಸಳು ಕರಿಬೇವು ಹಾಕ್ತಾರಲ್ಲ, ಅದು. ಆ ರಾಜ್ಯದಲ್ಲಿ ಕೊಸರು ಕೊಡದೋನಿಗೆ ಅರ್ಧ ಮೀಸೆ ಬೋಳಿಸ್ತಿದ್ರು. ಯಾಕಂದ್ರೆ ರಾಜ ಚಿಟಿಕೆರಾಯನಿಗೆ ಕೊಸರಿನ ಹುಚ್ಚು. ಅವನಿಗೆ ರಾಜ್ಯ ಸಿಕ್ಕಿದ್ದೂ ಹಾಗೇ. ಸಂತೇಲಿ ಕೊಡೆ ಕೊಂಡಾಗ, ಅದರ ನೆರಳಿನಷ್ಟಗಲ ರಾಜ್ಯ ಕೊಸರಾಗಿ ಬಂದಿತ್ತು.

"ಅಣ್ಣಾ, ಆ ಚಾರ್ಜರ್ ಎಷ್ಟು?"

"ಒಂದು ಕೋಳಿ."

"ಕೊಡು. ಲ್ಯಾಪ್‌ಟಾಪ್ ಕೊಸರು ಹಾಕು."

"ಆಹಾ, ಜಾಣೆ! ಕೊಂಡಿದ್ದಕ್ಕಿಂತ ಕೊಸರು ಚಿಕ್ಕದಿರಬೇಕು. ಕಾನೂನು!"

ಮಾದ್ಲಿ ಅಂಗಡಿಯೆಲ್ಲಾ ಕಣ್ಣಾಡಿಸಿದಳು. ಲ್ಯಾಪ್‌ಟಾಪಿಗಿಂತ ದೊಡ್ಡದು ಏನಿದೆ? ಗುಡ್ಡಯ್ಯನ ಹೊಟ್ಟೆ ಇತ್ತು, ಅದು ಮಾರಾಟಕ್ಕಿರಲಿಲ್ಲ. ಅಟ್ಟದ ಮೇಲೆ ಲ್ಯಾಪ್‌ಟಾಪಿನ ಖಾಲಿ ಡಬ್ಬ ಇತ್ತು!

"ಆ ಡಬ್ಬ?"

ಗುಡ್ಡಯ್ಯ ಕಿಸಕ್ಕನೆ ನಕ್ಕ. ಖಾಲಿ ಡಬ್ಬಕ್ಕೆ ಕೋಳಿ ಕೊಡೋ ಪೆದ್ದಿ ಸಿಕ್ಕಳಲ್ಲ! "ಒಂದು ಕೋಳಿ."

ಬಜೆಟ್ಟು ಕಣ್ಣು ಹೊಡೀತು. "ಕೊಕ್. ಮೀರಲಿಲ್ಲ." ಟಣ್ಣನೆ ಹಾರಿ ಗಲ್ಲಾಪೆಟ್ಟಿಗೆ ಮೇಲೆ ಕೂತ್ಕೊಂತು.

"ಈಗ ಕೊಸರು," ಅಂದಳು ಮಾದ್ಲಿ. "ಆ ಆಕಳಿಸೋದನ್ನ ಹಾಕು."

"ಏಯ್! ಅನ್ಯಾಯ! ರಾಜರನ್ನ ಕರೀರಿ!"

ಕರೆಯೋದೇನು, ರಾಜ್ಯ ಕೊಡೆಯಷ್ಟಗಲ, ರಾಜ ಪಕ್ಕದಲ್ಲೇ ನಿಂತಿದ್ದ. "ಕೊಸರು ಡಬ್ಬಕ್ಕಿಂತ ಚಿಕ್ಕದೋ?" ಅಂದ.

"ಒಳಗೆ ಹಾಕಿ ನೋಡಿ ಮಹಾಸ್ವಾಮಿ."

ರಾಜ ತಾನೇ ಹಾಕಿದ. ಹಿಡೀತು. ಮುಚ್ಚಳನೂ ಮುಚ್ಕೊಂತು. "ಚಿಕ್ಕದೇ!" ಅಂತ ರಾಜ ಕುಣಿದಾಡಿಬಿಟ್ಟ. ಎರಡು ಹೆಜ್ಜೆ ಕುಣಿದಿದ್ದಕ್ಕೆ ರಾಜ್ಯದಿಂದ ಆಚೆ ಬಿದ್ದ, ಎತ್ತಿ ಒಳಗಿಟ್ರು.

ಗುಡ್ಡಯ್ಯ ಮೀಸೆ ಮುಟ್ಕೊಂಡು ಗೊಳೋ ಅಂದ. "ನನಗೇನು ಸಿಕ್ತು ಸ್ವಾಮಿ? ಬರೀ ಒಂದು ಕೋಳಿ!"

"ಅಳಬೇಡವೋ," ಅಂತು ಬಜೆಟ್ಟು. ಸ್ವಲ್ಪ ತಿಣುಕಿ, ಬೆಚ್ಚಗೆ ಒಂದು ಮೊಟ್ಟೆ ಇಟ್ಟಿತು. "ತಗೋ, ಕೊಸರು. ನನಗಿಂತ ಚಿಕ್ಕದೇ ಇದೆ, ಅಳೆದು ನೋಡ್ಕೋ."

ಗುಡ್ಡಯ್ಯನೂ ನಕ್ಕುಬಿಟ್ಟ. ಮಾದ್ಲಿ ಡಬ್ಬ ತಲೆ ಮೇಲಿಟ್ಕೊಂಡು ಕಾಲೇಜಿಗೆ ಓಡಿದಳು. ಸೀಟು ಉಳೀತು.

ಇದರ ನೀತಿ: ದೊಡ್ಡದು ಬೇಕಾದ್ರೆ ಅದಕ್ಕಿಂತ ದೊಡ್ಡ ಖಾಲೀನ ಕೊಂಡ್ಕೊಳ್ಳಿ. ಕತೆ ಇಷ್ಟೇ.

ಏನು? ಕೊಸರಾ? ಸರಿ, ತಗೊಳ್ಳಿ. ಮೊದಲ ಕ್ಲಾಸಲ್ಲಿ ಲ್ಯಾಪ್‌ಟಾಪ್ ಆಕಳಿಸ್ತು. ಅದನ್ನ ನೋಡಿ ಮಾದ್ಲಿ ಆಕಳಿಸಿದಳು, ಮೇಷ್ಟ್ರು ಆಕಳಿಸಿದ್ರು, ಕಿಟಕೀಲಿ ಇಣುಕ್ತಿದ್ದ ಹೋತ ಗಡ್ಡ ನಡುಗೋ ಹಾಗೆ ಆಕಳಿಸ್ತು. "ಭಲೇ!" ಅಂತ ಮೇಷ್ಟ್ರು ಅದಕ್ಕೂ ಸೀಟು ಕೊಟ್ರು. ಅಲ್ಲಿ ಹಿಂದೆ ಯಾರದು, ಆಗಲೇ ಬಾಯಿ ಬಿಟ್ಟಿದ್ದು? ಮುಚ್ಚಬೇಡಿ, ಮುಚ್ಚಬೇಡಿ. ನಿಮಗೂ ಸೀಟು ಸಿಕ್ತು.