ರಣಚಂಡಿಯ ಮೂರನೇ ಫಿರಂಗಿ

ಯುದ್ಧ ಮುಗಿದು ಒಂದು ಮಳೆಗಾಲ ಕಳೆದಿತ್ತು. ಗೆದ್ದವರು ಯಾರು ಎಂದು ಕೇಳಿದರೆ ಎರಡೂ ಕಡೆಯವರು ಮಾತು ಬದಲಿಸುತ್ತಿದ್ದರು. ಎರಡೂ ಕಡೆಯ ಮನೆಗಳಲ್ಲಿ ಗಂಡಸರು ಕಡಿಮೆಯಾಗಿದ್ದರು.

ರಾಣಿಯ ದೊಡ್ಡ ಯುದ್ಧನೌಕೆ ರಣಚಂಡಿಗೆ ಈಗ ಬೇರೆಯೇ ಚಾಕರಿ. ಸುಟ್ಟುಹೋದ ಊರುಗಳಿಗೆ ಬಿತ್ತನೆ ಭತ್ತ ಒಯ್ಯುವುದು, ಮರಳಿಗೆ ಸಿಕ್ಕಿಬಿದ್ದ ಮೀನುದೋಣಿಗಳನ್ನು ಎಳೆದು ಬಿಡಿಸುವುದು, ಸೆರೆಸಿಕ್ಕವರನ್ನು ಅವರವರ ಊರಿಗೆ ಮುಟ್ಟಿಸುವುದು. ಒಮ್ಮೆ ಹೊಳೆ ಉಕ್ಕಿ ದಾರಿ ಕಟ್ಟಿದಾಗ ಒಂದು ಮದುವೆ ದಿಬ್ಬಣವನ್ನೇ ಹತ್ತಿಸಿಕೊಂಡು ಹೋಗಿತ್ತು. ಮದ್ದುಗುಂಡಿನ ಕೋಣೆಯಲ್ಲಿ ಲಾಡಿನ ಬುಟ್ಟಿಗಳು, ಫಿರಂಗಿಯ ಮೇಲೆ ಮದುಮಗನ ಒದ್ದೆ ಪಂಚೆ.

ಫಿರಂಗಿಗಳ ಮೇಲ್ವಿಚಾರಕ ದುಗ್ಗಪ್ಪನಿಗೆ ಆ ಪಂಚೆ ನೋಡಿ ಮೈ ಉರಿದುಹೋಗಿತ್ತು.

ಅವನು ಹಡಗಿನ ತಾಂಡೇಲ ಸೋಮ ಮರಕಾಲರ ಶಿಷ್ಯ. ತಾಂಡೇಲ ಎಂದರೆ ಹಡಗಿಗೆ ಯಜಮಾನ. ಗಾಳಿ ಓದುವುದನ್ನೂ ಗುರಿ ಹಿಡಿಯುವುದನ್ನೂ ದುಗ್ಗಪ್ಪ ಅವರಿಂದಲೇ ಕಲಿತವನು. ಮುದುಕರಿಗೆ ಈಗ ಕಣ್ಣು ಮಂಜು. ಈ ಯಾನ ಮುಗಿಸಿ ಊರು ಸೇರಿದ ದಿನ ಚುಕ್ಕಾಣಿಯನ್ನು ದುಗ್ಗಪ್ಪನ ಕೈಗೆ ಕೊಡುವುದೆಂದು ಮಾತಾಗಿತ್ತು. ಅವನಿಗೆ ಅದಕ್ಕಿಂತ ದೊಡ್ಡ ಆಸೆ ಬೇರೆ ಇರಲಿಲ್ಲ.

"ಗುರುಗಳೇ, ಹುಲಿಗೆ ಹುಲ್ಲು ತಿನ್ನಿಸಿದ ಹಾಗಾಯ್ತು ನಮ್ಮ ಹಡಗಿನ ಕತೆ," ಎಂದ ಒಂದು ದಿನ.

"ತಿನ್ನುತ್ತಾ ಉಂಟಾ?"

"ಎಂತದು?"

"ಹುಲಿ. ಹುಲ್ಲು."

"ತಿನ್ನುತ್ತಾ ಉಂಟು. ರಾಣಿಯವರ ಅಪ್ಪಣೆ, ಬೇರೆ ದಾರಿ ಎಲ್ಲಿದೆ?"

"ಹಾಗಾದರೆ ಕಷ್ಟದ ಪಾಠ ಹುಲಿ ಕಲಿತಾಯ್ತು. ಕಲಿಯಲಿಕ್ಕೆ ಉಳಿದದ್ದು ನಾವು," ಎಂದರು ಮುದುಕರು, ಎಲೆಗೆ ಸುಣ್ಣ ಹಚ್ಚುತ್ತ.

ಈ ಸಲದ ಯಾನ ಎದುರು ಕಡೆಯವರ ಶಂಖಬಂದರಿಗೆ. ಆ ಊರಿನ ಸೆರೆಯಾಳುಗಳು ಹಡಗಿನಲ್ಲಿದ್ದರು. ಅವರನ್ನು ಮನೆಯವರ ಕೈಗೆ ಒಪ್ಪಿಸಿ, ರಾಣಿಯ ಪರವಾಗಿ ಕೈಮುಗಿದು ಬರಬೇಕು.

ದುಗ್ಗಪ್ಪನ ಅಣ್ಣ ಸತ್ತದ್ದು ಅದೇ ಬಂದರಿನ ಅಳಿವೆ ಬಾಯಿಯಲ್ಲಿ. ಬಿಳಿ ಬಟ್ಟೆ ಬೀಸಿ ಕರೆದರು, ದೋಣಿ ಹತ್ತಿರ ಬಂದ ಮೇಲೆ ಗುಂಡು ಹಾಕಿದರು ಎಂದು ಈಜಿ ಬದುಕಿ ಬಂದವರು ಹೇಳಿದ್ದರು.

ಸಮುದ್ರದವರಲ್ಲಿ ಒಂದು ಹಳೆಯ ಕಟ್ಟಳೆ ಇದೆ. ಸ್ನೇಹ ಬಯಸಿ ಬರುವ ಯುದ್ಧನೌಕೆ ಬಂದರಿನ ಹೊರಗೆ ನಿಂತು, ತುಂಬಿದ ಫಿರಂಗಿಗಳನ್ನೆಲ್ಲ ಬರಿ ನೀರಿನತ್ತ ಹಾರಿಸಿಬಿಡಬೇಕು. ಮತ್ತೆ ತುಂಬಬಾರದು. ಅದನ್ನು ಕಂಡು ಕೋಟೆಯವರೂ ತಮ್ಮದನ್ನು ಹಾರಿಸುತ್ತಾರೆ. ಆಮೇಲೆ ಇಬ್ಬರೂ ಬರಿಗೈಯವರು. ಆದರೆ ಮೊದಲು ಬರಿಗೈಯಾಗುವವನು ಬಂದವನೇ. ಆ ಒಂದು ಗಳಿಗೆಯ ಹೆದರಿಕೆಯನ್ನು ಅವನು ನುಂಗಿಕೊಳ್ಳಲೇಬೇಕು.

ಬೆಳಗಾಗುತ್ತಲೇ ಶಂಖಬಂದರು ಕಾಣಿಸಿತು. ದುಗ್ಗಪ್ಪ ನಿಂತು ಹಾರಿಸಿದ. ಬಲಬದಿಯವು ಮುಗಿದವು, ಎಡಬದಿಯವೂ ಮುಗಿದವು. ಹೊಗೆ ದಟ್ಟವಾಗಿ ಹಡಗನ್ನು ಮುಚ್ಚಿತು.

ಆ ಹೊಗೆಯಲ್ಲಿ ಅವನು ಎಡಬದಿಯ ಮೂರನೆಯ ಫಿರಂಗಿಗೆ ಮತ್ತೆ ಮದ್ದು ತುಂಬಿದ, ಗುಂಡು ತಳ್ಳಿದ. ಹಿಂಬದಿಯ ಕಿವಿಗೆ, ಎಂದರೆ ಕಿಡಿ ತಾಗಿಸುವ ಸಣ್ಣ ತೂತಿಗೆ, ಮದ್ದಿನ ಪುಡಿ ಸುರಿದು ಮೇಣಬಟ್ಟೆ ಕಟ್ಟಿದ. ಎಲ್ಲವನ್ನೂ ಒಬ್ಬನೇ ಮಾಡಿದ.

ಒಂದೇ ಒಂದು, ಎಂದುಕೊಂಡ. ಅವರು ಮೋಸ ಮಾಡದಿದ್ದರೆ ಇದು ಇದ್ದದ್ದೇ ಯಾರಿಗೂ ಗೊತ್ತಾಗುವುದಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಕೋಟೆಯಿಂದಲೂ ಫಿರಂಗಿಗಳು ಒಂದೊಂದಾಗಿ ಹಾರಿದವು. ಮೋಸವೇನೂ ಕಾಣಲಿಲ್ಲ.

"ಎಲ್ಲ ಖಾಲಿಯಾ?" ಎಂದು ಕೇಳಿದರು ಗುರುಗಳು.

"ಎಲ್ಲ ಖಾಲಿ."

ಅವರು ತಲೆಯಾಡಿಸಿದರು.

ಬಂದರು ಸೇರಿ ಲಂಗರು ಇಳಿಸಿದ ಮೇಲೆ ಫಿರಂಗಿಗಳನ್ನು ಹಿಂದಕ್ಕೆಳೆದು, ಅವುಗಳ ಬಾಯಿ ಹಡಗಿನ ಒಳಗೇ ಇರುವಂತೆ ನಿಲ್ಲಿಸಿದರು. ಊರವರು ಹತ್ತಿ ಬಂದು ಒಳಗೆ ಕೈಹಾಕಿ ನೋಡಲಿ ಎಂಬುದಕ್ಕೆ. ಫಿರಂಗಿಯ ಬಾಯಿಗೂ ಹಡಗಿನ ಗೋಡೆಗೂ ನಡುವೆ ಒಬ್ಬರು ನಡೆಯುವಷ್ಟು ಜಾಗ. ಆಳುಗಳು ಅಲ್ಲೇ ಅತ್ತಿತ್ತ ಓಡಾಡಿ ನೆಲ ತೊಳೆಯುತ್ತಿದ್ದರು. ದುಗ್ಗಪ್ಪನೂ ಓಡಾಡಿದ. ಮೊದಲನೆಯದರ ಬಾಯಿಯ ಎದುರಿನಿಂದ ಹೋದ, ಎರಡನೆಯದರ ಎದುರಿನಿಂದ ಹೋದ. ಮೂರನೆಯದು ಬಂದಾಗ ಅವನ ಕಾಲು ತಾನಾಗಿ ಸುತ್ತು ಹಾಕಿ, ಅದರ ಹಿಂಬದಿಯಿಂದ ಹಾದುಹೋಯಿತು.

ತುಂಬಿದ ಫಿರಂಗಿಯ ಬಾಯಿಯನ್ನು ದಾಟಬೇಡ. ಗುರುಗಳು ಅವನಿಗೆ ಕಲಿಸಿದ ಮೊದಲ ಪಾಠವೇ ಅದು. ಚೆನ್ನಾಗಿ ಕಲಿತಿದ್ದ, ಪಾಪ.

ಮುದುಕರ ಕಣ್ಣು ಮಂಜಾಗಿತ್ತು ನಿಜ. ಆದರೆ ಇಷ್ಟನ್ನು ಕಾಣಲು ಅಷ್ಟು ಕಣ್ಣು ಸಾಕಾಯಿತು.

ಅವರು ಒಂದು ಚಾಪೆ ತರಿಸಿ, ಮೂರನೆಯ ಫಿರಂಗಿಯ ಎದುರು ಹಾಸಿಕೊಂಡು, ಅದರ ಬಾಯಿಗೆ ಬೆನ್ನು ಒರಗಿಸಿ ಕೂತರು. ಎಲೆಯಡಿಕೆಯ ಚೀಲ ಬಿಚ್ಚಿದರು.

ದುಗ್ಗಪ್ಪ ಕೈಯ ಕೆಲಸ ಬಿಟ್ಟು ಓಡಿ ಬಂದ.

"ಗುರುಗಳೇ, ಅಲ್ಲಿ ಬಿಸಿಲು. ಹಾಯಿಯ ನೆರಳಿಗೆ ಬನ್ನಿ."

"ಇಲ್ಲಿ ಹಿತವಾಗಿದೆ."

"ಜನ ಬರ್ತಾರೆ. ದಾರಿಗೆ ಅಡ್ಡ ಆಗ್ತದೆ."

"ಬಂದವರನ್ನು ಇಲ್ಲೇ ಕೂತು ಮಾತಾಡಿಸ್ತೇನೆ."

"ಬೇರೆ ಯಾವುದಾದರೂ ಫಿರಂಗಿಗೆ ಒರಗಿಕೊಳ್ಳಬಹುದಲ್ಲ?"

"ಎಲ್ಲ ಖಾಲಿ ಅಂದಿಯಲ್ಲ?"

"ಹೌದು..."

"ಹಾಗಾದರೆ ಯಾವುದಕ್ಕೆ ಒರಗಿದರೇನು ಮಾರಾಯ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಹಾಗೆ ದುಗ್ಗಪ್ಪ ತನ್ನ ಮಸಿ ಹತ್ತಿದ ಕೈಯನ್ನು ಬೆನ್ನ ಹಿಂದೆ ಮರೆಮಾಡಿದ.

ಅಷ್ಟರಲ್ಲಿ ದೋಣಿಗಳು ಬಂದವು. ಬಂದರಿನ ಅಧಿಕಾರಿ ಚಂದಯ್ಯ ಹೆಗ್ಡೆ ಮೊದಲು ಹತ್ತಿದರು. ಹಿಂದೆಯೇ ಊರು. ಸೆರೆಯಿಂದ ಬಂದವರನ್ನು ಕಂಡು ಹೆಂಗಸರು ಅತ್ತರು, ನಕ್ಕರು, ಇಷ್ಟು ಸೊರಗಿದ್ದೀಯಲ್ಲ ಎಂದು ಬೈದರು. ಮಕ್ಕಳು ಫಿರಂಗಿಗಳ ಒಳಗೆ ಬಾಯಿಟ್ಟು ಕೂಗಿ ದನಿ ಕೇಳಿದರು.

ದುಗ್ಗಪ್ಪ ಮೂರನೆಯದರ ಹಿಂಬದಿಗೆ ಬಂದು ಕಾವಲು ನಿಂತ. ಎಲ್ಲರ ಕಣ್ಣೆದುರು ಗುಂಡನ್ನು ಹೊರತೆಗೆಯುವ ಹಾಗಿಲ್ಲ. ತೆಗೆದರೆ ಮಾತು ಮುರಿದ ಹಡಗು ಎಂದು ಹೆಸರಾಗುತ್ತದೆ. ಆಗಿನ್ನೂ ಹಸಿಯಾಗಿದ್ದ ಒಪ್ಪಂದ ಅಲ್ಲಿಗೆ ಮುಗಿಯಿತು, ತನ್ನ ಚುಕ್ಕಾಣಿಯೂ ಮುಗಿಯಿತು. ಸಂಜೆಯ ತನಕ ಹೇಗಾದರೂ ತಡೆದರಾಯಿತು ಎಂದು ಹಲ್ಲು ಕಚ್ಚಿಕೊಂಡ. ಗುರುಗಳಿಗೆ ಮಧ್ಯಾಹ್ನದ ಗಂಜಿ ಅಲ್ಲಿಗೇ ಬಂತು. ಅವರು ಮಾವಿನ ಮಿಡಿ ಕಚ್ಚುತ್ತ ಬಂದವರೊಡನೆ ಹರಟಿದರು.

ಊಟವಾದ ಮೇಲೆ ಒಬ್ಬ ಮುದುಕಿ ಹಡಗು ಹತ್ತಿದಳು. ಕೈಯಲ್ಲಿ ಹಿತ್ತಾಳೆಯ ತಟ್ಟೆ. ಅದರಲ್ಲಿ ಕುಂಕುಮ, ಹೂ, ಕರ್ಪೂರದ ಬಿಲ್ಲೆಗಳು, ಉರಿಯುವ ಒಂದು ದೀಪ. ಸ್ನೇಹದಿಂದ ಬಂದ ಆಯುಧಕ್ಕೆ ಆರತಿಯಾಗದೆ ಊರಿನ ನೀರು ಬಿಡಬಾರದು ಎಂಬುದು ಶಂಖಬಂದರಿನವರ ಪದ್ಧತಿ. ರಣಚಂಡಿ ಆ ಊರಿಗೆ ಸ್ನೇಹದಿಂದ ಬಂದದ್ದು ಇದೇ ಮೊದಲು. ದುಗ್ಗಪ್ಪನಿಗೆ ಇದು ಹೇಗೆ ಗೊತ್ತಿರಬೇಕು?

ಮುದುಕಿ ಎಡಬದಿಯ ಮೊದಲ ಫಿರಂಗಿಯ ಬೆನ್ನಿಗೆ ಕುಂಕುಮ ಹಚ್ಚಿದಳು, ಹೂವಿಟ್ಟಳು. ಅದರ ಕಿವಿಯ ಪಕ್ಕದಲ್ಲೇ ಕರ್ಪೂರದ ಬಿಲ್ಲೆ ಇಟ್ಟು ಹಚ್ಚಿದಳು. ಉರಿ ಎದ್ದು ಆರಿತು.

ಎರಡನೆಯದಕ್ಕೂ ಹಾಗೆಯೇ ಮಾಡಿದಳು.

"ಅಮ್ಮಾ," ಎಂದು ದುಗ್ಗಪ್ಪ ಅಡ್ಡ ಬಂದ. "ಇದೊಂದಕ್ಕೆ ಬೇಡ."

"ಎಂತಕ್ಕೆ ಬೇಡ ಮಗಾ?"

"ಇದು... ಇದು ಕೆಟ್ಟುಹೋಗಿದೆ. ಯುದ್ಧದಲ್ಲಿ ಹಾರಿದ್ದೇ ಇಲ್ಲ."

"ಅದನ್ನು ನೀನು ಹೇಳಿದರೆ ಹೇಗೆ? ನನ್ನ ಮಗನನ್ನು ತೆಗೆದದ್ದು ಈ ಹಡಗೇ. ಯಾವ ಫಿರಂಗಿ ಅಂತ ನನಗೆ ಗೊತ್ತಿಲ್ಲ. ಒಂದನ್ನು ಬಿಟ್ಟು ಹೋದರೆ ಅದೇ ಆಗಿದ್ದೀತು ಅಂತ ಮನೆಯಲ್ಲಿ ಕೂತು ಕೊರಗಬೇಕು. ಬೈಯಲಿಕ್ಕೆ ಅಂತಲೇ ದೋಣಿ ಹತ್ತಿದ್ದೆ. ಈ ಮಕ್ಕಳು ಸೆರೆಯಿಂದ ತಿರುಗಿ ಬಂದದ್ದು ಕಂಡ ಮೇಲೆ ಬೈಯಲಿಕ್ಕೆ ಬಾಯಿ ಬರಲಿಲ್ಲ. ಸರಿ ಮಗಾ, ಬದಿಗೆ ಸರಿ."

ಅವಳು ಮೇಣಬಟ್ಟೆಯನ್ನು ಬದಿಗೆ ಸರಿಸಿದಳು. ಕುಂಕುಮ ಹಚ್ಚಿದಳು. ಬಿಲ್ಲೆ ಇಟ್ಟಳು.

ದುಗ್ಗಪ್ಪ ಗುರುಗಳ ಕಡೆ ನೋಡಿದ. ಅವರು ಫಿರಂಗಿಯ ಬಾಯಿಗೆ ಒರಗಿಯೇ ಇದ್ದರು. ಒಂದು ಪುಟ್ಟ ಹುಡುಗಿ ಅವರ ಮಂಡಿಯ ಮೇಲೆ ಕೂತು ಅಡಿಕೆ ಕೇಳುತ್ತಿದ್ದಳು. ಅವರು ಈ ಕಡೆ ತಿರುಗಲಿಲ್ಲ.

ಮುದುಕಿ ದೀಪವನ್ನು ಬಗ್ಗಿಸಿದಳು.

ದುಗ್ಗಪ್ಪ ಬರಿಗೈಯಿಂದ ದೀಪದ ಕುಡಿಯನ್ನು ಹಿಸುಕಿದ. ಚರ್ಮ ಚುರ್ರೆಂದಿತು.

"ಇದು ತುಂಬಿದೆ," ಎಂದ. ಮತ್ತೆ, ಇಡೀ ಹಡಗಿಗೆ ಕೇಳುವಂತೆ ಕೂಗಿದ, "ಇದರಲ್ಲಿ ಗುಂಡು ಉಂಟು! ನಾನೇ ತುಂಬಿದ್ದು!"

ಮಕ್ಕಳನ್ನು ಎತ್ತಿಕೊಂಡು ಜನ ದೋಣಿಗಳತ್ತ ನುಗ್ಗಿದರು. ಮಂಡಿಯ ಮೇಲಿದ್ದ ಹುಡುಗಿಯನ್ನು ಯಾರೋ ಎಳೆದುಕೊಂಡು ಓಡಿದರು. ಚಂದಯ್ಯ ಹೆಗ್ಡೆಯವರ ಕೈ ಕತ್ತಿಯ ಮೇಲೆ ಬಂತು.

ದುಗ್ಗಪ್ಪ ಅವರೆದುರು ಹೋಗಿ ನಿಂತ.

"ಒಡೆಯರೇ, ರಾಣಿಯವರಿಗೆ ಇದು ಗೊತ್ತಿಲ್ಲ. ನಮ್ಮ ಗುರುಗಳಿಗೂ ನಾನು ಸುಳ್ಳು ಹೇಳಿದ್ದು. ನನ್ನ ಅಣ್ಣನನ್ನು ಇಲ್ಲಿ ಬಿಳಿ ಬಟ್ಟೆ ತೋರಿಸಿ ಕೊಂದರು. ನನಗೆ ನಿಮ್ಮನ್ನು ನಂಬಲಿಕ್ಕೆ ಆಗಲಿಲ್ಲ. ತಪ್ಪು ನನ್ನದು. ನನ್ನನ್ನು ಇಟ್ಟುಕೊಳ್ಳಿ, ಹಡಗನ್ನು ಬಿಡಿ. ಒಪ್ಪಂದವನ್ನು ಮುರಿಯಬೇಡಿ."

"ಬಿಳಿ ಬಟ್ಟೆಯ ಮಾತು ನಿಜ," ಎಂದರು ಹೆಗ್ಡೆಯವರು. "ಆ ದಿನ ನಾನು ಊರಲ್ಲಿರಲಿಲ್ಲ. ಇದ್ದಿದ್ದರೆ ತಡೆಯುತ್ತಿದ್ದೆ ಎಂದು ಹೇಳಿಕೊಳ್ಳುವ ಧೈರ್ಯವೂ ನನಗಿಲ್ಲ."

ಕತ್ತಿಯಿಂದ ಕೈ ತೆಗೆದರು. ಹೆಗಲ ಶಾಲನ್ನು ಬಿಚ್ಚಿ, ಹಡಗಿನ ಅಂಚಿಗೆ ಹೋಗಿ, ಕೋಟೆಯತ್ತ ದೊಡ್ಡದಾಗಿ ಬೀಸಿದರು.

ಕೋಟೆಯ ಮೂಲೆಯ ಬುರುಜಿನಿಂದ ಒಂದು ಫಿರಂಗಿ ಹಾರಿತು. ಗುಂಡು ರಣಚಂಡಿಯ ಆಚೆ, ದೂರದ ನೀರಿನಲ್ಲಿ ಬಿದ್ದು ಬೆಳ್ಳನೆ ಚಿಮ್ಮಿತು.

"ನಮ್ಮದೂ ಒಂದಿತ್ತು," ಎಂದರು ಹೆಗ್ಡೆಯವರು. ಅವರ ಮುಖ ಕೆಂಪಾಗಿತ್ತು. "ಬೆಳಗಿನಿಂದ ನಿನ್ನ ಹಡಗಿಗೇ ಗುರಿ ಹಿಡಿದಿತ್ತು ತಮ್ಮಾ. ಈಗ ನಿನ್ನದನ್ನೂ ಹಾರಿಸು."

ದುಗ್ಗಪ್ಪ ಫಿರಂಗಿಯತ್ತ ನಡೆದ. ಗುರುಗಳು ಆಗ ಎದ್ದರು, ಚಾಪೆ ಸುತ್ತಿಕೊಂಡರು, ಸೊಂಟ ಹಿಡಿದುಕೊಂಡು ಬದಿಗೆ ಸರಿದರು. ಆಳುಗಳು ಫಿರಂಗಿಯನ್ನು ಮುಂದಕ್ಕೆ ತಳ್ಳಿ ಬಾಯಿಯನ್ನು ಸಮುದ್ರಕ್ಕೆ ತಿರುಗಿಸಿದರು. ಕಿಡಿ ಇಡುವ ಮೊದಲು ದುಗ್ಗಪ್ಪ ಮುದುಕಿಯ ಮುಖ ನೋಡಿದ. ಅವಳು ಓಡಿರಲಿಲ್ಲ. ಅವಳು ಕಿವಿ ಮುಚ್ಚಿಕೊಂಡು, ಹಾರಿಸು ಎಂಬಂತೆ ತಲೆಯಾಡಿಸಿದಳು.

ಗುಂಡು ಹಾರಿ ನೀರಿಗೆ ಬಿತ್ತು. ಅವಳು ದೀಪವನ್ನು ಮತ್ತೆ ಹಚ್ಚಿಸಿಕೊಂಡು ಬಂದು ಬಿಸಿಯಾಗಿದ್ದ ಆ ಫಿರಂಗಿಗೂ ಆರತಿ ಎತ್ತಿದಳು. ಹೋಗುವಾಗ ದುಗ್ಗಪ್ಪನ ಸುಟ್ಟ ಅಂಗೈ ನೋಡಿ, ಜೇನುತುಪ್ಪ ಹಚ್ಚು, ನೀರು ತಾಗಿಸಬೇಡ ಎಂದು ಗದರಿ ಹೋದಳು.

ಹಡಗು ಬಂದರು ಬಿಟ್ಟಿತು. ಅಳಿವೆ ಬಾಯಿ ದಾಟುವಾಗ ದುಗ್ಗಪ್ಪ ಅಣ್ಣನನ್ನು ನೆನೆದು ಅತ್ತ. ಆಮೇಲೆ ಮುಖ ಒರೆಸಿಕೊಂಡು ಗುರುಗಳ ಕಾಲ ಬಳಿ ಬಂದು ಕೂತ.

"ಚುಕ್ಕಾಣಿ ಬೇರೆಯವರಿಗೆ ಕೊಡಿ ಗುರುಗಳೇ. ನಾನು ನೆಲ ತೊಳೆಯುತ್ತೇನೆ. ಭತ್ತ ಹೊರುತ್ತೇನೆ. ಈ ಬಂದರಿಗೆ ಮತ್ತೆ ಮತ್ತೆ ಬರುವ ಕೆಲಸ ಇದ್ದರೆ ಅದನ್ನೂ ಮಾಡುತ್ತೇನೆ."

"ನೆಲ ತೊಳೆ. ಚುಕ್ಕಾಣಿಯನ್ನೂ ಹಿಡಿ. ಎರಡಕ್ಕೂ ಕೈ ಒಂದೇ."

ದುಗ್ಗಪ್ಪ ಸುಟ್ಟ ಅಂಗೈಗೆ ಜೇನುತುಪ್ಪ ಹಚ್ಚಿಕೊಂಡ.

"ನಿಮಗೆ ಬೆಳಿಗ್ಗೆಯೇ ಗೊತ್ತಾಗಿತ್ತು. ಆಗಲೇ ಒಂದು ಮಾತು ಹೇಳಬಹುದಿತ್ತಲ್ಲ?"

"ಹೇಳಿದ್ದರೆ ಫಿರಂಗಿ ಮಾತ್ರ ಖಾಲಿ ಆಗ್ತಿತ್ತು."

ದುಗ್ಗಪ್ಪ ತಲೆ ತಗ್ಗಿಸಿದ. ಆದರೂ ಒಂದು ಪ್ರಶ್ನೆ ಅವನನ್ನು ಬಿಡಲಿಲ್ಲ.

"ಇಡೀ ದಿನ ತುಂಬಿದ ಫಿರಂಗಿಗೆ ಬೆನ್ನು ಕೊಟ್ಟು ಕೂತಿರಿ. ನಿಮಗೆ ಹೆದರಿಕೆ ಆಗಲಿಲ್ವಾ?"

"ಕೂತಾಗ ಸ್ವಲ್ಪ ಆಯ್ತು," ಎಂದರು ಗುರುಗಳು. "ಮಧ್ಯಾಹ್ನ ಗಂಜಿ ಉಂಡ ಮೇಲೆ ಅದಕ್ಕೇ ಒರಗಿ ನಿದ್ದೆ ಬರಲಿಕ್ಕೆ ಶುರುವಾಯ್ತು ನೋಡು, ಆಗ ನಿಜವಾಗಿ ಹೆದರಿದೆ."