ಕಲ್ಲಿಗೆ ಮುಖ ಮಾಡಿದ ಗುಡಿ

"ಕೇಳಿರಪ್ಪೋ ಕೇಳಿ! ಅರಸು ಮುನೆಹಿರರ ಮಗಳು ಸಯೊ ಅವರ ಮೈಮೇಲೆ ಸತ್ತ ಮಂತ್ರಿ ತದಮೊರಿ ಬಂದಿದ್ದಾನೆ. ಅವನ ಮೂರು ಒಗಟು ಬಿಡಿಸಿದವನಿಗೆ ಅರಸುಕುವರಿ, ಅರ್ಧ ರಾಜ್ಯ. ತಪ್ಪಿದವನ ತಲೆಗೆ ಸಿಡಿಲು!"

ಜಪಾನಿನ ಕಡಲಂಚಿನ ಊರೂರಲ್ಲಿ ಹೀಗೆ ಡಂಗುರ ಹೊಡೆದರು. ತದಮೊರಿಯ ಮೇಲೆ ಸುಳ್ಳು ಹೊರಿಸಿ ದ್ವೀಪಕ್ಕೆ ಅಟ್ಟಿದ್ದು ಈ ಅರಸರೇ. ಅವನು ಅಲ್ಲೇ ಹಸಿದು ಸತ್ತ, ನಾಡಿಗೆ ಸಿಡುಬು ಬಂತು. ಡಂಗುರದಲ್ಲಿ ಅದೊಂದು ಮಾತು ಮಾತ್ರ ಇರಲಿಲ್ಲ. ಎಲ್ಲಿರುತ್ತದೆ ಹೇಳಿ!

"ಸತ್ತ ಮೇಲೂ ಬೆಳೆಯುವುದು ಯಾವುದು?" ಹುಡುಗಿಯ ಬಾಯಲ್ಲಿ ಗಂಡುದನಿ ಕೇಳಿತು. ಒಬ್ಬ ರಾಜಕುಮಾರ "ಉಗುರು" ಎಂದ. ಸಿಡಿಲು ಬಡಿಯಿತು. ಇನ್ನೊಬ್ಬ "ಕೀರ್ತಿ" ಎಂದ. ಅವನೂ ಹೋದ. ಸಯೊ ಅನ್ನ ಮುಟ್ಟದೆ ಕಡ್ಡಿಯಾಗುತ್ತಿದ್ದಳು.

ಆಗ ಬಂದವನು ಗೆನ್ಸುಕೆ. ದೇವರಿರುವ ಜಾಗಕ್ಕೆ ಕಟ್ಟುವ ಹುಲ್ಲುಹಗ್ಗ ಹೊಸೆಯುವವನು. ಅವನ ಹೆಂಡತಿ ಒತಮಾ ಸಿಡುಬಿನಲ್ಲಿ ತೀರಿಕೊಂಡಿದ್ದಳು. ಅಂದಿನಿಂದ ಅವನಿಗೆ ಅಳುವೂ ಇಲ್ಲ, ಹಸಿವೂ ಇಲ್ಲ.

"ಸಾಯೋಕೆ ಬಂದೆಯೇನಯ್ಯಾ?" ಎಂದ ಕಾವಲಿನವನು.

"ಆದರೂ ಆದೀತು," ಎಂದು ಒಳಗೆ ಹೋದ.

ಮೊದಲ ಒಗಟಿಗೆ ಅವನೆಂದ, "ಅನ್ಯಾಯವಾಗಿ ಸತ್ತವರ ಸಿಟ್ಟು, ಒಡೆಯಾ."

ಸಿಡಿಲು ಬೀಳಲಿಲ್ಲ.

"ಅಟ್ಟಿದರೆ ಓಡದು, ಕಡಿದರೆ ಸಾಯದು, ಕರೆದು ಕೂರಿಸಿದರೆ ಊರು ಕಾಯುತ್ತದೆ. ಏನದು?"

"ನೀವೇ. ಗುಡಿ ಕಟ್ಟಿ, ಹಗ್ಗ ಬಿಗಿದು, ದೇವರೇ ಅಂತ ಕೈಮುಗಿದರೆ ಕಾಯುತ್ತೀರಿ."

"ಆ ಗುಡಿಯಲ್ಲಿ ಮೊದಲು ತಲೆಬಾಗಬೇಕಾದವರು ಯಾರು?"

"ನೋಯಿಸಿದವರು," ಎಂದು ಗೆನ್ಸುಕೆ ಅರಸರನ್ನು ನೋಡಿದ.

ಅರಸರ ಮುಖ ಕಪ್ಪಿಟ್ಟಿತು. ಮಗಳನ್ನು ನೋಡಿದರು. ಇಳಿದು ಬಂದು ಹಣೆ ನೆಲಕ್ಕೆ ಹಚ್ಚಿದರು. "ತಪ್ಪಾಯಿತು ತದಮೊರಿ. ಗುಡಿ ಕಟ್ಟಿಸುತ್ತೇನೆ." ಆಮೇಲೆ ಗೆನ್ಸುಕೆಯತ್ತ ತಿರುಗಿ, "ನಿನಗೆ ಹೇಳಿದ್ದೆಲ್ಲ ಕೊಡುತ್ತೇನಪ್ಪಾ," ಎಂದರು.

"ಅರಸುಕುವರಿ ಬೇಡ, ರಾಜ್ಯವೂ ಬೇಡ. ಆ ಗುಡಿಯೆದುರು ನನ್ನ ಒತಮಾಳಿಗೊಂದು ಕಲ್ಲು ನಿಲ್ಲಿಸಿ. ತದಮೊರಿ ಒಡೆಯಾ, ನೀವು ತಂದ ಸಿಡುಬಿಗೆ ಬಲಿಯಾಗಲು ಅವಳು ಮಾಡಿದ ತಪ್ಪೇನು?"

ಗಂಡುದನಿ ತಗ್ಗಿ ಕೇಳಿತು, "ಆ ಕಲ್ಲಿಗೆ ಮೊದಲು ತಲೆಬಾಗಬೇಕಾದವರು?"

"ಉತ್ತರ ಅದೇ, ಒಡೆಯಾ."

ಸಯೊಳ ಮೈ ಮೆಲ್ಲಗೆ ಬಾಗಿತು. ಹಗ್ಗ ಹೊಸೆಯುವವನ ಮುಂದೆ ಹಣೆ ನೆಲ ಮುಟ್ಟಿತು. ಎದ್ದಾಗ ಅವಳದೇ ದನಿ ಇತ್ತು. "ಅಪ್ಪಾ, ನೀರು," ಎಂದಳು.

ಸಿಡುಬು ನಿಂತಿತು. ಆ ಗುಡಿಯ ಬಾಗಿಲು ದಾರಿಯ ಕಡೆಗಿಲ್ಲ, ಒಂದು ಪುಟ್ಟ ಕಲ್ಲಿನ ಕಡೆಗಿದೆ. ಆ ಕಲ್ಲಿಗೆ ಹೊಸ ಹಗ್ಗ ಕಟ್ಟಿ ಮನೆಗೆ ಬಂದ ದಿನ ಗೆನ್ಸುಕೆಗೆ ಹಸಿವಾಯಿತು. ಅನ್ನಕ್ಕಿಟ್ಟು, ಒಲೆಯ ಮುಂದೆ ಕೂತು, ಜೋರಾಗಿ ಅತ್ತ.