ಮಲ್ಲಿಗೆ ಮೊಗ್ಗು ತಡೆದ ಚಂದ್ರ

ಒಂದೂರು. ಊರಿಗೊಂದು ನಾಟಕದ ಮನೆ. ನಾಟಕದ ಮನೆಗೊಂದು ದೊಡ್ಡ ಪರದೆ. ಪರದೆಯ ಹಿಂದೆ ಒಂದು ಮೊಲ. ನಿಜವಾದ ಮೊಲ ಅಲ್ಲ ಕಣ್ರೋ! ಹತ್ತಿಯ ಕಿವಿ ಕಟ್ಟಿಕೊಂಡ ಹುಡುಗಿ. ಹೆಸರು ಹೊನ್ನಿ.

ನಾಟಕದಲ್ಲಿ ಹೊನ್ನಿಗೆ ಮಾತಿಲ್ಲ. ಒಂದೇ ಒಂದು ಕುಣಿತ. ಚಂದ್ರ ನೆಲಕ್ಕೆ ಬರುತ್ತಾನೆ, ಮೊಲ ಚಂದ್ರನೊಳಗೆ ಹಾರಿ ಕುಣಿಯುತ್ತೆ. ಅಷ್ಟೇ. ಅಷ್ಟನ್ನು ನೋಡೋಕೆ ಅವಳ ಅಜ್ಜಿ ಬಂದು ಮೂರನೇ ಸಾಲಲ್ಲಿ ಕೂತಿದ್ದಳು.

ಆ ಚಂದ್ರ ಎಲ್ಲಿಂದ ಬರುತ್ತಾನೆ? ಮೇಲಿನ ಕಂಬಿಯಿಂದ. ಕಂಬಿಯಲ್ಲಿ ಮೂರು ತಿರುಗುವ ದೀಪ. ಕತ್ತು ಬಗ್ಗಿಸುತ್ತವೆ, ಕತ್ತು ಎತ್ತುತ್ತವೆ, ಥೇಟ್ ಕೊಕ್ಕರೆ. ಒಂದು ಹೊಳೆದೀಪ. ಅದು ನೆಲದ ಮೇಲೆ ಹೊಳೆ ಹರಿಸುತ್ತೆ. ಒಂದು ಮೋಡದೀಪ. ಅದು ಪರದೆಯ ಮೇಲೆ ಮೋಡ ತೇಲಿಸುತ್ತೆ. ಕೊನೆಯದು ಚಂದ್ರದೀಪ.

ಆ ಸಂಜೆ ಚಂದ್ರ ಕಾಣೆಯಾದ. ಬೆಳಿಗ್ಗೆ ಇದ್ದ. ಸಂಜೆ ಇಲ್ಲ!

ದೀಪದ ಕೆಲಸದ ಇಮಾಮ್ ಮಾಮ ಮೂರು ಸಲ ಏಣಿ ಹತ್ತಿದ. ಮೂರು ಸಲ ಏಣಿ ಇಳಿದ.

"ಬಲ್ಬು ಸರಿ ಇದೆ. ಪ್ಲಗ್ಗು ಸರಿ ಇದೆ. ಬೋರ್ಡಿಗಂತೂ ಈಗ ತಾನೇ ಪೂಜೆ ಆಗಿದೆ, ಅದಕ್ಕೇನಾಗುತ್ತೆ?" ಅಂದ. ಅಲ್ಲಿ ಪ್ರತಿ ನಾಟಕಕ್ಕೂ ಮೊದಲು ದೀಪಗಳನ್ನು ಆಡಿಸುವ ಲೈಟ್ ಬೋರ್ಡಿಗೆ ಪೂಜೆ. ಕುಂಕುಮ, ಊದುಬತ್ತಿ, ಹೂವು. ನಾಟಕ ಮುಗಿಯುವ ತನಕ ಆ ಹೂವನ್ನು ಯಾರೂ ಮುಟ್ಟುವ ಹಾಗಿಲ್ಲ.

ನಾಟಕ ಆಡಿಸುವ ಸರಸಕ್ಕ ಗಡಿಯಾರ ನೋಡಿದಳು. "ಮೂರನೇ ಬೆಲ್ ಹೊಡೆಯೋದ್ರೊಳಗೆ ಚಂದ್ರ ಬರಬೇಕು ಮಾಮ. ಬರದಿದ್ರೆ ಮೊಲದ ಕುಣಿತ ಬಿಟ್ಟುಬಿಡೋಣ."

ಬಿಟ್ಟುಬಿಡೋದಾ! ಹೊನ್ನಿಯ ಕಣ್ಣು ತುಂಬಿತು.

ಇಮಾಮ್ ಮಾಮ ಬೇರೆ ಬಲ್ಬು ತರಲು ಹೋದ. ಸರಸಕ್ಕ ರಾಜನಿಗೆ ಮೀಸೆ ಅಂಟಿಸಲು ಹೋದಳು. ರಂಗದ ಮೇಲೆ ಯಾರೂ ಇಲ್ಲ. ಮಬ್ಬು ಮಬ್ಬು. ತಂಪು ತಂಪು. ಮೇಲೆ ದೀಪಗಳು ಗುಂಯ್... ಅಂತ ಉಸಿರಾಡುತ್ತಿದ್ದವು. ಹೊನ್ನಿ ಮೆಲ್ಲಗೆ ಕೇಳಿದಳು.

"ಚಂದ್ರದೀಪ, ಚಂದ್ರದೀಪ, ಯಾಕೆ ತಿರುಗಲ್ಲ?"

ಚಂದ್ರದೀಪ ಅರೆನಿದ್ದೆಯಲ್ಲಿ ಹೇಳಿತು. "ಮೋಡದೀಪ ತೇಲಲಿ. ಆಮೇಲೆ ತಿರುಗ್ತೀನಿ."

ಮೋಡದೀಪ ತೇಲದೆ ಚಂದ್ರದೀಪ ತಿರುಗದು.
ಚಂದ್ರದೀಪ ತಿರುಗದೆ ಚಂದ್ರ ಬಾರನು.
ಚಂದ್ರ ಬಾರದೆ ಮೊಲ ಕುಣಿಯದು.

"ಮೋಡದೀಪ, ಮೋಡದೀಪ, ಯಾಕೆ ತೇಲಲ್ಲ?"

"ಹೊಳೆದೀಪ ಹರಿಯಲಿ. ಆಮೇಲೆ ತೇಲ್ತೀನಿ."

ಟಣ್! ಮೊದಲನೇ ಬೆಲ್.

ಹೊಳೆದೀಪ ಹರಿಯದೆ ಮೋಡದೀಪ ತೇಲದು.
ಮೋಡದೀಪ ತೇಲದೆ ಚಂದ್ರದೀಪ ತಿರುಗದು.
ಚಂದ್ರದೀಪ ತಿರುಗದೆ ಚಂದ್ರ ಬಾರನು.
ಚಂದ್ರ ಬಾರದೆ ಮೊಲ ಕುಣಿಯದು.

"ಹೊಳೆದೀಪ, ಹೊಳೆದೀಪ, ಯಾಕೆ ಹರಿಯಲ್ಲ?"

"ವೈರು ಮಾತು ಒಯ್ದು ತರಲಿ. ಆಮೇಲೆ ಹರೀತೀನಿ."

ವೈರು ಎಲ್ಲಿದೆ? ಗೋಡೆಗುಂಟ ಇಳಿದಿದೆ. ಕುರ್ಚಿ ಸಾಲಿನ ಪಕ್ಕ ಉದ್ದಕ್ಕೆ ಮಲಗಿದೆ. ಹೊನ್ನಿ ಅದರ ಬೆನ್ನ ಹಿಂದೆ ಹೋದಳು, ಹೋದಳು.

"ವೈರೇ, ವೈರೇ, ಯಾಕೆ ಒಯ್ಯಲ್ಲ?"

"ಏನನ್ನ ಒಯ್ಯಲಿ ನಾನು? ಬೋರ್ಡು ನುಡಿಯಲಿ. ಆಮೇಲೆ ಒಯ್ತೀನಿ."

ಬೋರ್ಡು ನುಡಿಯದೆ ವೈರು ಒಯ್ಯದು.
ವೈರು ಒಯ್ಯದೆ ಹೊಳೆದೀಪ ಹರಿಯದು.
ಹೊಳೆದೀಪ ಹರಿಯದೆ ಮೋಡದೀಪ ತೇಲದು.
ಮೋಡದೀಪ ತೇಲದೆ ಚಂದ್ರದೀಪ ತಿರುಗದು.
ಚಂದ್ರದೀಪ ತಿರುಗದೆ ಚಂದ್ರ ಬಾರನು.
ಚಂದ್ರ ಬಾರದೆ ಮೊಲ ಕುಣಿಯದು.

ಎಲ್ಲರ ಹಿಂದೆ, ಮೇಜಿನ ಮೇಲೆ, ಬೋರ್ಡು. ಹಣೆಗೆ ಕುಂಕುಮ. ಮೈ ತುಂಬ ಸಾಲು ಸಾಲು ಗುಂಡಿ. ಮೇಲಕ್ಕೆ ಜಾರುವ ಗುಂಡಿ, ಕೆಳಕ್ಕೆ ಜಾರುವ ಗುಂಡಿ.

"ಬೋರ್ಡೇ, ಬೋರ್ಡೇ, ಯಾಕೆ ನುಡಿಯಲ್ಲ?"

ಬೋರ್ಡು ಗತ್ತಿನಿಂದ ಹೇಳಿತು. "ಚಂದ್ರನ ಗುಂಡಿ ಜಾರಲಿ. ಆಮೇಲೆ ನುಡೀತೀನಿ."

ಟಣ್ ಟಣ್! ಎರಡನೇ ಬೆಲ್. ಹೊನ್ನಿಯ ಎದೆ ಡವಡವ.

"ಗುಂಡಿ, ಗುಂಡಿ, ಯಾಕೆ ಜಾರಲ್ಲ?"

"ಹೆಂಗೆ ಜಾರಲಿ? ಹೂವು ದಾರಿಯಲ್ಲಿ ಕೂತಿದೆ. ಅದು ಏಳಲಿ. ಆಮೇಲೆ ಜಾರ್ತೀನಿ."

ಹೌದಲ್ಲ! ಗುಂಡಿ ಜಾರುವ ಸಂದಿಯೊಳಗೆ ಒಂದು ಮಲ್ಲಿಗೆ ಮೊಗ್ಗು. ಬಿಗಿಯಾಗಿ ಸಿಕ್ಕಿಕೊಂಡಿದೆ.

ಹೂವು ಏಳದೆ ಗುಂಡಿ ಜಾರದು.
ಗುಂಡಿ ಜಾರದೆ ಬೋರ್ಡು ನುಡಿಯದು.
ಬೋರ್ಡು ನುಡಿಯದೆ ವೈರು ಒಯ್ಯದು.
ವೈರು ಒಯ್ಯದೆ ಹೊಳೆದೀಪ ಹರಿಯದು.
ಹೊಳೆದೀಪ ಹರಿಯದೆ ಮೋಡದೀಪ ತೇಲದು.
ಮೋಡದೀಪ ತೇಲದೆ ಚಂದ್ರದೀಪ ತಿರುಗದು.
ಚಂದ್ರದೀಪ ತಿರುಗದೆ ಚಂದ್ರ ಬಾರನು.
ಚಂದ್ರ ಬಾರದೆ ಮೊಲ ಕುಣಿಯದು.

"ಹೂವೇ, ಹೂವೇ, ಯಾಕೆ ಏಳಲ್ಲ?"

ಹೂವು ನಕ್ಕಿತು. "ನಾನು ಪೂಜೆ ಹೂವು. ನನ್ನನ್ನು ಯಾರೂ ಮುಟ್ಟಲ್ಲ. ಇಟ್ಟ ಕೈಯೇ ಎತ್ತಬೇಕು."

ಇಟ್ಟ ಕೈ ಯಾರದು?

ಹೊನ್ನಿ ತನ್ನ ಕೈ ನೋಡಿಕೊಂಡಳು. ಬೆರಳಿಗೆ ಇನ್ನೂ ಮಲ್ಲಿಗೆಯ ಘಮ. ಪೂಜೆ ಮುಗಿಸಿ ಎಲ್ಲರೂ ಹೋದ ಮೇಲೆ ಅವಳು ಒಬ್ಬಳೇ ಬಂದಿದ್ದಳು. ಅಜ್ಜಿಯ ಕುಂಡದಲ್ಲಿ ಬಿಟ್ಟ ಮೊಗ್ಗು ತಂದಿದ್ದಳು. ಬಿದ್ದುಹೋಗದಿರಲಿ ಅಂತ ಬೆರಳಿಂದ ಒತ್ತಿ ಒತ್ತಿ ಇಟ್ಟಿದ್ದಳು. "ಚಂದ್ರ ಚೆನ್ನಾಗಿ ಬರಲಪ್ಪ" ಅಂತ ಕೈಯನ್ನೂ ಮುಗಿದಿದ್ದಳು!

ಅಷ್ಟರಲ್ಲಿ ಇಮಾಮ್ ಮಾಮ ಹೊಸ ಬಲ್ಬು ಹಿಡಿದು ಬಂದ. ಹೊನ್ನಿಗೆ ಓಡಿಹೋಗೋಣ ಅನ್ನಿಸಿತು. ಓಡಲಿಲ್ಲ.

"ಮಾಮ, ನಾನೇ ಇಟ್ಟಿದ್ದು," ಅಂದಳು. ಬೆರಳಿಂದ ಮೊಗ್ಗು ತೋರಿಸಿದಳು.

ಮಾಮ ಬಗ್ಗಿ ನೋಡಿದ. ತನ್ನ ತಲೆಗೆ ತಾನೇ ಮೊಟಕಿಕೊಂಡ. "ಅಯ್ಯೋ! ಮೂರು ಸಲ ಏಣಿ ಹತ್ತಿದೆ. ಒಂದು ಸಲ ಇಲ್ಲಿ ನೋಡ್ಲಿಲ್ಲ. ಎತ್ತು ಮಗಳೇ, ನೀನೇ ಎತ್ತು. ಹೂವಿಗೆ ಮೊಲದ ಕಿವಿಗಿಂತ ಒಳ್ಳೆ ಜಾಗ ಉಂಟಾ?"

ಹೊನ್ನಿ ಉಗುರಿನಿಂದ ಮೆಲ್ಲಗೆ ಎಬ್ಬಿಸಿದಳು.

ಹೂವು ಎದ್ದಿತು, ಗುಂಡಿ ಜಾರಿತು.
ಗುಂಡಿ ಜಾರಿತು, ಬೋರ್ಡು ನುಡಿಯಿತು.
ಬೋರ್ಡು ನುಡಿಯಿತು, ವೈರು ಒಯ್ದಿತು.
ವೈರು ಒಯ್ದಿತು, ಹೊಳೆದೀಪ ಹರಿಯಿತು.
ಹೊಳೆದೀಪ ಹರಿಯಿತು, ಮೋಡದೀಪ ತೇಲಿತು.
ಮೋಡದೀಪ ತೇಲಿತು, ಚಂದ್ರದೀಪ ತಿರುಗಿತು.
ಚಂದ್ರದೀಪ ತಿರುಗಿತು, ಚಂದ್ರ...

ಚಂದ್ರ ಬಂದ! ಪರದೆ ಇಳಿದು, ಹೊಳೆ ದಾಟಿ, ನೆಲದ ಮೇಲೆ ದುಂಡಗೆ ಬಂದು ಕೂತ.

"ಮೊಲ ಎಲ್ಲಿ? ಮೊಲ ಎಲ್ಲಿ?" ಸರಸಕ್ಕ ಒಳಗಿಂದ ಕೂಗಿದಳು. ಹೊನ್ನಿ ಎದ್ದೆನೋ ಬಿದ್ದೆನೋ ಅಂತ ಓಡಿದಳು. ಟಣ್ ಟಣ್ ಟಣ್! ಮೂರನೇ ಬೆಲ್. ಪರದೆ ಸರಿಯಿತು.

ರಾಜ ಬಂದ, ಹೋದ. ರಾಣಿ ಬಂದಳು, ಹೋದಳು. ಆಮೇಲೆ ಎಲ್ಲ ನೀಲಿ ನೀಲಿ. ಹೊಳೆ ಹರಿಯಿತು. ಮೋಡ ತೇಲಿತು. ಚಂದ್ರ ಬಂದ. ಹೊನ್ನಿ ಕಣ್ಣು ಮುಚ್ಚಿ ಚಂದ್ರನೊಳಗೆ ಹಾರಿದಳು. ಮೈಯೆಲ್ಲ ಬೆಳ್ಳಗಾಯಿತು. ಅವಳು ಕುಣಿದಳು, ಕುಣಿದಳು. ಕಾಲಿಗೆ ನೆಲವೇ ತಾಗಲಿಲ್ಲ.

ಮೂರನೇ ಸಾಲಲ್ಲಿ ಅಜ್ಜಿ ಪಕ್ಕದವರ ತೋಳು ಹಿಡಿದು ಜಗ್ಗಿದಳು. "ನೋಡ್ರಿ, ಅಲ್ಲಿ ನೋಡ್ರಿ! ಆ ಮೊಲದ ಕಿವಿಯಲ್ಲಿರೋದು ನಮ್ಮನೆ ಮಲ್ಲಿಗೆ."